ಕೋಳಿತುಂಡಿನ ಆಚೆಗಿನ ಚುಕ್ಕಿ

ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಮಾಡುವ ಹೆಂಗಸನ್ನು ಜನ ಎರಡು ಬಗೆಯಲ್ಲಿ ಮಾತಾಡಿಸುತ್ತಾರೆ. ಕೆಲವರು ‘ಪಾಪ, ಎಷ್ಟು ಕಷ್ಟ ಪಡ್ತೀರ’ ಎನ್ನುತ್ತಾರೆ. ಕೆಲವರು ‘ಇನ್ನೂ ಮುಗೀಲಿಲ್ವಾ’ ಎನ್ನುತ್ತಾರೆ. ನನಗೆ ಎರಡನೆಯವರ ಮೇಲೆ ಸಿಟ್ಟು, ಮೊದಲನೆಯವರ ಮೇಲೆ ಇನ್ನೂ ಜಾಸ್ತಿ ಸಿಟ್ಟು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ನಾನು ಎಂದು ಅಮ್ಮ ಹೇಳುತ್ತಾಳೆ. ಆ ಕೋಪದಿಂದ ನನಗೆ ನಷ್ಟಕ್ಕಿಂತ ಲಾಭವೇ ಹೆಚ್ಚಾಗಿದೆ.

ವಾರದ ದಿನಗಳಲ್ಲಿ ನಾನು ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಶನಿವಾರ ಮಧ್ಯಾಹ್ನ, ಭಾನುವಾರ, ಹಬ್ಬದ ರಜೆ, ಇವೆಲ್ಲ ಮಲ್ಲೇಶ್ವರದ ಆಚೆಗಿನ ಒಂದು ಪ್ರಯೋಗಾಲಯದ ಪಾಲು. ಅಲ್ಲಿ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದ ಒಂದು ಕೋಣೆ, ಅದರ ನಡುವೆ ಅಲುಗಾಡದ ಒಂದು ಭಾರಿ ಮೇಜು, ಮೇಜಿನ ಮೇಲೆ ನೀಲಿ ಲೇಸರ್. ಹೊರಗೆ ಸಂಪಿಗೆ ರಸ್ತೆಯಲ್ಲಿ ಜನ ಹೂವು ಸೊಪ್ಪು ಕೊಳ್ಳುವ ಹೊತ್ತಿನಲ್ಲಿ ನಾನು ಆ ಕತ್ತಲೆಯಲ್ಲಿ ಕೂತಿರುತ್ತಿದ್ದೆ.

ನಾನು ಮಾಡುತ್ತಿದ್ದ ಕೆಲಸವನ್ನು ಹೇಳಿಬಿಡುತ್ತೇನೆ, ಕಷ್ಟವೇನಿಲ್ಲ. ಮೊಬೈಲಿನ ಟಾರ್ಚ್ ಹಚ್ಚಿ ಅದರ ಮೇಲೆ ಅಂಗೈ ಮುಚ್ಚಿ ನೋಡಿ. ಕೈಯೆಲ್ಲ ಕೆಂಪಗೆ ಹೊಳೆಯುತ್ತದೆ. ಬೆಳಕು ಆಚೆಗೆ ಬಂದಿದೆ ಎಂದಾಯಿತು. ಆದರೂ ಒಳಗಿನ ಮೂಳೆ ಕಾಣುವುದಿಲ್ಲ. ಮಾಂಸದೊಳಗೆ ಹೊಕ್ಕ ಬೆಳಕು ಸಾಯುವುದಿಲ್ಲ, ದಾರಿ ತಪ್ಪುತ್ತದೆ, ಅಷ್ಟೇ. ಒಂದೊಂದು ಕಿರಣ ಒಂದೊಂದು ಕಡೆ ಢಿಕ್ಕಿ ಹೊಡೆದು, ತಿರುಗಿ, ಎಲ್ಲೆಲ್ಲೋ ಹೊರಗೆ ಬೀಳುತ್ತದೆ. ಹಾಗೆ ಚೆಲ್ಲಾಪಿಲ್ಲಿಯಾದ ಬೆಳಕನ್ನು ಮಾಂಸದ ಆಚೆಗೆ ಒಂದೇ ಚುಕ್ಕಿಯಲ್ಲಿ ಕೂಡಿಸಬೇಕು. ಇದೇ ನನ್ನ ಪಿಎಚ್.ಡಿ.

ಕೂಡಿಸಲು ಬರುತ್ತದೆಯೇ ಎಂದರೆ ಬರುತ್ತದೆ. ನಮ್ಮದು ಚಿಕ್ಕಪೇಟೆಯ ಬಟ್ಟೆ ವ್ಯಾಪಾರದ ಮನೆತನ. ಅಪ್ಪ ಇದ್ದಾಗ ಅಂಗಡಿಗೆ ಮೂಟೆ ತರಿಸುತ್ತಿದ್ದ ರೀತಿ ನನಗೆ ನೆನಪಿದೆ. ಹಮಾಲಿಗಳು ಬೇರೆ ಬೇರೆ ಗಲ್ಲಿಗಳಿಂದ ಬರಬೇಕಿತ್ತು. ಸುತ್ತುಬಳಸಿನ ಗಲ್ಲಿಯವನನ್ನು ಅಪ್ಪ ಮೊದಲು ಹೊರಡಿಸುತ್ತಿದ್ದರು, ಹತ್ತಿರದವನನ್ನು ಸ್ವಲ್ಪ ತಡೆದು ಕಳಿಸುತ್ತಿದ್ದರು. ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬಂದರೆ ಒಂದೇ ಸಲಕ್ಕೆ ಇಳಿಸಿ ಮುಗಿಸಬಹುದು. ನಮ್ಮ ಲೇಸರಿನ ಮುಂದೆಯೂ ಒಂದು ಪುಟ್ಟ ಪರದೆ ಇದೆ. ಅದರ ಒಂದೊಂದು ಚೌಕ ಬೆಳಕಿನ ಒಂದೊಂದು ಪಾಲನ್ನು ಒಂದಿಷ್ಟು ತಡೆದು ಕಳಿಸುತ್ತದೆ. ಯಾವ ಪಾಲನ್ನು ಎಷ್ಟು ತಡೆಯಬೇಕು ಎಂದು ಗೊತ್ತಾದರೆ ಮಾಂಸ ಎಷ್ಟೇ ಚದುರಿಸಿದರೂ ಎಲ್ಲ ಬೆಳಕೂ ಒಂದೇ ಜಾಗದಲ್ಲಿ ಜೊತೆಯಾಗುತ್ತದೆ.

ಆದರೆ ಮಾಂಸದ ಆಚೆ ನಿಂತು ಬಂತು, ಬರಲಿಲ್ಲ ಎಂದು ಹೇಳುವವರು ಯಾರು? ಅದಕ್ಕೇ ಫ್ಲೋರೆಸೆನ್ಸ್. ಒಂದು ಬಣ್ಣದ ಬೆಳಕನ್ನು ನುಂಗಿ ಇನ್ನೊಂದು ಬಣ್ಣದ ಬೆಳಕನ್ನು ಕೊಡುವ ಗುಣ ಅದು. ಧೂಳಿನ ಕಣಕ್ಕಿಂತ ಸಣ್ಣ ಮಣಿಯೊಂದನ್ನು ಮಾಂಸದ ಹಿಂದೆ ಅಂಟಿಸುತ್ತೇವೆ. ನೀಲಿ ಬಿದ್ದರೆ ಅದು ಹಸಿರಾಗಿ ಹೊಳೆಯುತ್ತದೆ. ಆ ಹಸಿರಿನಲ್ಲಿ ಒಂದು ಚೂರು ಮಾಂಸವನ್ನು ದಾಟಿಕೊಂಡು ನಮ್ಮ ಕಡೆಗೆ ವಾಪಸು ಬರುತ್ತದೆ. ಕಂಪ್ಯೂಟರು ಪರದೆಯ ಒಂದು ಚೌಕವನ್ನು ಬದಲಿಸುತ್ತದೆ. ಹಸಿರು ಹೆಚ್ಚಿದರೆ ಹಾಗೇ ಬಿಡುತ್ತದೆ, ಕಡಿಮೆಯಾದರೆ ಹಿಂದಕ್ಕೆ ತಿರುಗಿಸುತ್ತದೆ. ಮತ್ತೆ ಮುಂದಿನ ಚೌಕ. ಹೀಗೆ ತಡಕಾಡುತ್ತ ತಡಕಾಡುತ್ತ ಬೆಳಕೆಲ್ಲ ಮಣಿಯ ಮೇಲೆ ಬಂದು ಸೇರಬೇಕು. ಆಚೆ ಬದಿಗೆ ಒಂದು ಕ್ಯಾಮೆರಾ ಇಟ್ಟಿದ್ದೆವು. ಬೆಳಕು ನಿಜವಾಗಿಯೂ ಸೇರಿದೆಯೇ ಎಂದು ನೋಡಿ ಹೇಳುವುದಷ್ಟೇ ಅದರ ಕೆಲಸ, ತಿದ್ದುವುದರಲ್ಲಿ ಅದಕ್ಕೆ ಪಾತ್ರವಿಲ್ಲ.

ಅಂಟುಟೇಪಿನ ಪದರಗಳ ಹಿಂದೆ ನಾನು ಈ ಚುಕ್ಕಿಯನ್ನು ಎಷ್ಟೋ ಸಲ ಮೂಡಿಸಿದ್ದೆ. ಆದರೆ ನನ್ನ ವಿಷಯ ಅಂಟುಟೇಪಲ್ಲ, ಜೀವಿಗಳ ಮಾಂಸ. ಗಣೇಶನ ಹಬ್ಬ ಕಳೆದ ಮೇಲೆ, ನನ್ನ ಪಿಎಚ್.ಡಿ. ಎಲ್ಲಿಗೆ ಬಂತೆಂದು ನೋಡುವ ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಅದನ್ನೇ ಹಿಡಿದುಕೊಂಡರು. ಬಿಳಿ ಕೂದಲಿನ, ಮೆಲ್ಲಗೆ ಮಾತಾಡುವ ಮನುಷ್ಯ. ಮೆಲ್ಲಗೆ ಮಾತಾಡುವವರು ಹೊಡೆದರೆ ಪೆಟ್ಟು ಜೋರಾಗಿ ಬೀಳುತ್ತದೆ ಎಂದು ಅವತ್ತು ಗೊತ್ತಾಯಿತು.

“ನೀವು ತುಂಬಾ ಒಳ್ಳೇ ಟೀಚರ್ ಅಂತ ಕೇಳಿದೀನಿ ಮೇಡಂ,” ಎಂದರು. “ಅಷ್ಟು ಸಾಲ್ದಾ?”

ನನಗೆ ಕಿವಿಯೆಲ್ಲ ಬಿಸಿಯಾಯಿತು. ಅವರು ಮುಂದುವರಿಸಿ ತೀರ್ಮಾನ ಹೇಳಿದರು. ಸಂಕ್ರಾಂತಿ ಕಳೆದ ಮೇಲೆ ಸಮಿತಿ ಮತ್ತೆ ಸೇರುತ್ತದೆ. ಆಗ ಅವರೇ ಪ್ರಯೋಗಾಲಯಕ್ಕೆ ಬಂದು, ನಿಜವಾದ ಮಾಂಸದ ಆಚೆಗೆ ಬೆಳಕು ಸೇರುವುದನ್ನು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ನನ್ನ ರಿಜಿಸ್ಟ್ರೇಷನ್ ರದ್ದು. ಅವಧಿಯನ್ನು ಈಗಾಗಲೇ ವಿಸ್ತರಿಸಿಯಾಗಿತ್ತು, ಇನ್ನೊಮ್ಮೆ ವಿಸ್ತರಿಸುವಂತಿರಲಿಲ್ಲ. ಇಷ್ಟು ವರ್ಷಗಳ ಭಾನುವಾರಗಳು ಒಂದು ಮಾತಿಗೆ ನೀರಲ್ಲಿ ಹೋಮವಾಗಲಿದ್ದವು.

ನನ್ನ ಹಿಂದೆಯೇ ನನ್ನ ಗೈಡ್ ಹೊರಗೆ ಬಂದರು. ಅವರು ತ್ಯಾಗರಾಜನಗರದವರು, ನಿವೃತ್ತಿಗೆ ಹತ್ತಿರ ಬಂದವರು, ಈರುಳ್ಳಿಯನ್ನೂ ಆಲೋಚಿಸಿ ತಿನ್ನುವ ಮನೆಯವರು. ಕಾರಿಡಾರಿನಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, “ಕೋಳಿ ತರ್ಬೇಕಾಗುತ್ತೆ” ಎಂದರು. ಬಾಯಲ್ಲಿ ಬರಬಾರದ ಮಾತು ಬಂದುಬಿಟ್ಟಂತೆ ಕನ್ನಡಕ ತೆಗೆದು ಒರೆಸಿಕೊಂಡರು.

ಜಗತ್ತಿನಲ್ಲಿ ಈ ಕೆಲಸ ಮಾಡುವವರೆಲ್ಲ ಕೋಳಿಯ ಎದೆಮಾಂಸವನ್ನೇ ಬಳಸುತ್ತಾರೆ. ಎಲ್ಲ ಕಡೆ ಸಿಗುತ್ತದೆ, ತೆಳ್ಳಗೆ ಕೊಯ್ಯಬಹುದು. ಅದು ಸರಿ. ಆದರೆ ನಮ್ಮದು ಲಿಂಗ ಕಟ್ಟಿದ ಮನೆ. ಬೇಕರಿಯ ಕೇಕು ತಂದರೂ ಅಮ್ಮ ‘ಮೊಟ್ಟೆ ಹಾಕಿದಾರಾ ಕೇಳ್ದ್ಯಾ’ ಎನ್ನುತ್ತಾಳೆ. ಹಸಿ ಕೋಳಿಯನ್ನು ನಾನು ಹತ್ತಿರದಿಂದ ನೋಡಿದವಳೇ ಅಲ್ಲ. ಅಂಗಡಿ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಇಂಥವಳು ಹೋಗಿ ಏನೆಂದು ಕೇಳಬೇಕು?

ದಾರಿ ಕಂಡಿದ್ದು ನಮ್ಮ ಕೆಳಗಿನ ಮನೆಯಲ್ಲಿ. ವೈಯಾಲಿಕಾವಲಿನಲ್ಲಿ ನಾನೂ ಅಮ್ಮನೂ ಬಾಡಿಗೆಗಿರುವ ಮನೆಯ ಓನರ್ ಆಂಟಿ ಕೆಳಗಿರುತ್ತಾರೆ. ಮಂಡ್ಯದ ಕಡೆಯ ಒಕ್ಕಲು ಮನೆತನ, ಗಂಡ ತೀರಿಕೊಂಡ ಮೇಲೆ ಒಬ್ಬರೇ ರಾಣಿಯ ಹಾಗೆ ಇದ್ದಾರೆ. ಈ ಸುತ್ತಿನಲ್ಲಿ ಮನೆ ಕೊಡುವವರೆಲ್ಲ ಮೊದಲು ಕೇಳುವುದು ‘ವೆಜ್ಜಾ?’ ಎಂದು. ಆಂಟಿ ಮಾತ್ರ ನಮ್ಮನ್ನು, “ನಾವು ತಿನ್ನೋ ಜನ, ಭಾನುವಾರ ವಾಸ್ನೆ ಬರುತ್ತೆ, ನಿಮ್ಗೆ ಪರ್ವಾಗಿಲ್ವಾ?” ಎಂದು ಕೇಳಿದ್ದರು. ಅಮ್ಮ ಮನೆಯ ಅಡುಗೆಕೋಣೆ, ಬಾಲ್ಕನಿ ಎಲ್ಲ ನೋಡಿ, ಭಾನುವಾರ ಕಿಟಕಿ ಮುಚ್ಚಿಕೊಂಡರಾಯಿತು ಎಂದು ಒಪ್ಪಿಕೊಂಡಿದ್ದಳು.

ನಾನು ಮೆಟ್ಟಿಲಿಳಿದು ಹೋಗಿ, ಕೋಳಿಯ ಎದೆಮಾಂಸ ಬೇಕಿತ್ತು, ಕಾಗದದಷ್ಟು ತೆಳ್ಳಗೆ ಕೊಯ್ದಿರಬೇಕು, ಪ್ರತಿ ವಾರ ಬೇಕು ಎಂದೆ. ಆಂಟಿ ಬಾಗಿಲು ಅರ್ಧ ಮುಚ್ಚಿ ನನ್ನ ತೋಳು ಹಿಡಿದುಕೊಂಡರು.

“ಅಮ್ಮಂಗೆ ಗೊತ್ತಾ?”

“ಗೊತ್ತು ಆಂಟಿ. ತಿನ್ನೋಕಲ್ಲ. ಲೇಸರ್ ಬಿಡೋಕೆ.”

“ಹೂಂ, ಹೂಂ. ಲೇಸರ್ರು.”

ಪ್ರಯೋಗವನ್ನು ಪೂರ್ತಿ ವಿವರಿಸಿದೆ. ಕೈಮೇಲೆ ಟಾರ್ಚ್ ಇಟ್ಟು ತೋರಿಸಿದೆ. ಅವರು ತಲೆಯಾಡಿಸುತ್ತ ಕೇಳಿ, “ಎಲ್ಲಾ ಗೊತ್ತಾಯ್ತು ಕಣಮ್ಮಾ. ನೀನೇನೂ ಯೋಚ್ನೆ ಮಾಡ್ಬೇಡ, ನಾನ್ ನೋಡ್ಕೊಳ್ತೀನಿ” ಎಂದರು. ನಾನು ಎಷ್ಟು ಸೊಗಸಾಗಿ ವಿವರಿಸಿದೆನೆಂದು ನನಗೇ ಹೆಮ್ಮೆಯಾಯಿತು. ಒಳ್ಳೆಯ ಟೀಚರ್ ಅಲ್ಲವೇ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಆಂಟಿಯ ಬಾಗಿಲಲ್ಲಿ ನನಗೊಂದು ಸ್ಟೀಲ್ ಡಬ್ಬಿ, ಮೇಲೊಂದು ಕಪ್ಪು ಕವರು. ಕೊಡುವಾಗ ಮೇಲಿನ ಮನೆಯತ್ತ ಒಮ್ಮೆ ನೋಡಿ, ನನ್ನತ್ತ ಒಂದು ನಗೆ ನಕ್ಕು ಬಾಗಿಲು ಹಾಕುತ್ತಿದ್ದರು. ಆ ನಗೆಯ ಅರ್ಥ ನನಗೆ ಹೊಳೆಯಲಿಲ್ಲ. ನಾನು ಡಬ್ಬಿಯನ್ನು ಮೈಗೆ ತಗುಲದಂತೆ ಹಿಡಿದು ಆಟೋ ಹತ್ತುತ್ತಿದ್ದೆ. ಪ್ರಯೋಗಾಲಯದಲ್ಲಿ ಕೈಗವಸು ಹಾಕಿ, ಉಸಿರು ಬಿಗಿಹಿಡಿದು, ಒಂದು ತುಂಡನ್ನು ಚಿಮುಟದಲ್ಲಿ ಎತ್ತಿ ಎರಡು ಗಾಜುಗಳ ನಡುವೆ ಇಡುತ್ತಿದ್ದೆ. ಗೈಡ್ ಬಾಗಿಲ ಬಳಿ ನಿಂತು, “ಆಯ್ತಾ? ಮುಚ್ಚಿದ್ರಾ?” ಎಂದು ಕೇಳಿ, ಆಯಿತೆಂದ ಮೇಲೆ ಒಳಗೆ ಬರುತ್ತಿದ್ದರು. ನೀಲಿ ಲೇಸರಿಗೆ ಹಾಕುವ ಸುರಕ್ಷೆಯ ಕನ್ನಡಕದ ಗಾಜು ಕಿತ್ತಳೆ ಬಣ್ಣದ್ದು, ಅದರಲ್ಲಿ ಲೋಕವೆಲ್ಲ ಕಾಮಾಲೆಯ ಕಣ್ಣಿಗೆ ಕಂಡಂತೆ ಕಾಣುತ್ತದೆ. ಕೆಲಸ ಮುಗಿಸಿ ಕನ್ನಡಕ ತೆಗೆದಾಗ ಕೈಗವಸಿನ ತುದಿಗಳು ಹಳದಿಯಾಗಿರುತ್ತಿದ್ದವು. ಕೋಳಿಯ ಕೊಬ್ಬು ಇರಬೇಕೆಂದು ಕಸದ ಬುಟ್ಟಿಗೆ ಹಾಕುತ್ತಿದ್ದೆ.

ಪ್ರಯೋಗ ಮಾತ್ರ ಕೈಕೊಟ್ಟಿತು. ಅಂಟುಟೇಪಿನಲ್ಲಿ ಹಸಿರು ಮೊದಲು ಮಂಕಾಗಿದ್ದು ಆಮೇಲೆ ಏರುತ್ತಿತ್ತು. ಕೋಳಿಯಲ್ಲಿ ಲೇಸರ್ ಹಚ್ಚಿದೊಡನೆ ಹಸಿರು ಬೇಕಾದಷ್ಟು, ಆದರೆ ಏರಿಕೆ ಎಂಬುದೇ ಇಲ್ಲ. ಕಂಪ್ಯೂಟರು ಚೌಕಗಳನ್ನು ಬದಲಿಸುತ್ತಲೇ ಇರುತ್ತಿತ್ತು, ಹಸಿರಿನ ಅಳತೆ ತೋರಿಸುವ ಮಾನಿಟರಿನ ಗೆರೆ ಅಡ್ಡಕ್ಕೆ ಮಲಗಿಯೇ ಇರುತ್ತಿತ್ತು. ಆಚೆಯ ಕ್ಯಾಮೆರಾದಲ್ಲಿ ರವೆ ಚೆಲ್ಲಿದಂತೆ ಹರಡಿದ ಬೆಳಕು, ಎಲ್ಲೂ ಒಂದು ಚುಕ್ಕಿಯಿಲ್ಲ.

“ಮಾಂಸಕ್ಕೆ ತನ್ನದೇ ಹೊಳಪು ಸ್ವಲ್ಪ ಇರುತ್ತೆ,” ಎಂದು ಗೈಡ್ ಹೇಳಿದರು. ಅದು ನಿಜವೇ. ಯಾವ ಮಾಂಸವಾದರೂ ನೀಲಿಯ ಕೆಳಗೆ ಒಂದಿಷ್ಟು ಹೊಳೆಯುತ್ತದೆ. ಆದರೆ ಇಷ್ಟೇ? ಫಿಲ್ಟರ್ ಬದಲಿಸಿದೆವು. ಲೇಸರನ್ನು ತಗ್ಗಿಸಿದೆವು. ಮಣಿ ಬದಲಿಸಿದೆವು. ಬೇರೆಯವರು ಬರೆದದ್ದನ್ನೆಲ್ಲ ಮತ್ತೆ ಓದಿದೆವು. ಅವರ ಕೋಳಿಗಳು ಸಭ್ಯವಾಗಿದ್ದವು, ನಮ್ಮ ಕೋಳಿಗೆ ಮಾತ್ರ ದೆವ್ವ ಹಿಡಿದಿತ್ತು. ದೀಪಾವಳಿ ಹೋಯಿತು, ಕಡಲೆಕಾಯಿ ಪರಿಷೆ ಹೋಯಿತು, ಬೆಳಗಿನ ಚಳಿ ಶುರುವಾಯಿತು.

ನನಗೆ ಭಯವಾಗಿತ್ತು. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳದೆ ಎಲ್ಲರ ಮೇಲೂ ರೇಗುತ್ತಿದ್ದೆ. ಕ್ಲಾಸಿನಲ್ಲಿ ಪಾಠ ಚೆನ್ನಾಗಿ ಆದ ದಿನ ಇನ್ನೂ ಸಂಕಟ. ಹುಡುಗಿಯರು ‘ಮ್ಯಾಮ್, ಸೂಪರ್’ ಎಂದರೆ, ‘ಅಷ್ಟು ಸಾಲ್ದಾ’ ಎಂಬ ಆ ಮೆಲ್ಲನೆಯ ದನಿ ಬೆನ್ನ ಹಿಂದೆ ಕೇಳುತ್ತಿತ್ತು. ಸಾಲದು. ಪಾಠ ಮಾಡುವುದು ನನಗೆ ಪ್ರಾಣ, ಆದರೂ ಸಾಲದು. ಬೇರೆಯವರು ಕಂಡುಕೊಂಡದ್ದನ್ನೇ ಜೀವನವೆಲ್ಲ ಹೇಳಿಕೊಟ್ಟ ಮೇಲೆ, ಒಂದೇ ಒಂದು ಸಲ ನಾನೇ ಏನನ್ನಾದರೂ ಆಗುಮಾಡಬೇಕೆಂದು ಆಸೆಪಟ್ಟರೆ ಅದು ದುರಾಸೆಯೇ?

ಸಂಕ್ರಾಂತಿಯ ವಾರ ಗೈಡ್ ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು. “ಅವ್ರು ರದ್ದು ಮಾಡೋದಕ್ಕಿಂತ ಮುಂಚೆ ನಾವೇ ಗೌರವವಾಗಿ ವಾಪಸ್ ತಗೊಂಡ್ಬಿಡೋಣ್ವಾ?”

“ನೀವು ಬೇಕಾದ್ರೆ ತಗೊಳ್ಳಿ ಸಾರ್. ನಾನು ತಗೊಳ್ಳಲ್ಲ,” ಎಂದೆ. ಗೈಡಿಗೆ ಹಾಗೆ ಮಾತಾಡಬಾರದು. ಅವರು ಬೇಸರಪಟ್ಟುಕೊಳ್ಳಲಿಲ್ಲ. ಎಳ್ಳುಬೆಲ್ಲದ ಪೊಟ್ಟಣವನ್ನು ನನ್ನತ್ತ ಸರಿಸಿ ಎದ್ದು ಹೋದರು.

ಸಮಿತಿ ಬರುವ ವಾರಕ್ಕೆ ಮೊದಲಿನ ಭಾನುವಾರ ಆಂಟಿ ಊರಲ್ಲಿರಲಿಲ್ಲ. ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಹೋಗಿದ್ದರು. ಡಬ್ಬಿಯಿಲ್ಲ. ಇನ್ನು ನಾನೇ ಹೋಗಬೇಕು. ಗುಟ್ಟಹಳ್ಳಿಯ ಕಡೆಗೆ ಇಳಿಯುವ ರಸ್ತೆಯ ಅಂಗಡಿಯೊಂದರ ಮುಂದೆ, ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ, “ಎದೆಮಾಂಸ. ಮೂಳೆ ಬೇಡ” ಎಂದು ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದೆ. ಅಂಗಡಿಯವನು ಕೊಯ್ದು ಕವರಿಗೆ ಹಾಕಿ ಮುಂದೆ ಹಿಡಿದ. ನೋಡುತ್ತೇನೆ, ತಿಳಿ ಗುಲಾಬಿ ಬಣ್ಣ. ಮಗುವಿನ ಅಂಗಾಲಿನ ಹಾಗಿದೆ.

ನನಗೆ ಮೋಸ ಮಾಡುತ್ತಿದ್ದಾನೆ ಎಂದು ನೆತ್ತಿಗೇರಿತು. ಇವಳಿಗೆ ಗೊತ್ತಾಗುವುದಿಲ್ಲ ಎಂದು ಯಾವುದೋ ಹಳಸಿದ್ದನ್ನು ಕೊಡುತ್ತಿದ್ದಾನೆ.

“ಏನಿದು? ಸರಿಯಾದ ಕೋಳಿ ಕೊಡಿ,” ಎಂದೆ.

“ಇದೇ ಸರಿಯಾದ ಕೋಳಿ ಮೇಡಂ.”

“ನಂಗೆ ಗೊತ್ತಿಲ್ವಾ? ಕೋಳಿ ಹಳದಿ ಇರುತ್ತೆ. ಇದು ಹಳೇದು, ಬಣ್ಣ ಹೋಗಿದೆ.”

ಸಾಲಿನಲ್ಲಿ ಹಿಂದೆ ಯಾರೋ ಫಕ್ಕನೆ ನಕ್ಕರು. ಅಂಗಡಿಯವನಿಗೆ ಅವಮಾನವಾಯಿತು. “ಬೆಳಿಗ್ಗೆ ಕುಯ್ದಿದ್ದು ಮೇಡಂ. ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಜಾಗ ಬಿಡಿ. ಹಳದಿ ಕೋಳಿ ಅಂತೆ.”

ಬೇರೆ ದಾರಿಯಿಲ್ಲದೆ ಕವರು ಹಿಡಿದು ಪಕ್ಕಕ್ಕೆ ಬಂದೆ. ಕೆಂಡದಂಥ ಕೋಪದಲ್ಲೇ ಆಂಟಿಗೆ ಫೋನ್ ಹಚ್ಚಿದೆ. ಹಿಂದೆ ಗೃಹಪ್ರವೇಶದ ಗಲಾಟೆ ಕೇಳುತ್ತಿತ್ತು.

“ಆಂಟಿ, ನೀವು ಯಾವ ಅಂಗ್ಡೀಲಿ ಕೋಳಿ ತಗೊಳ್ತೀರ? ಇಲ್ಲಿ ಗುಲಾಬಿ ಕಲರ್ದು ಕೊಡ್ತಿದಾನೆ. ನಿಮ್ದು ಹಳದಿ ಇರ್ತಿತ್ತಲ್ಲ?”

ಆಂಟಿ ಮಗುವಿಗೆ ಹೇಳುವಂತೆ ಹೇಳಿದರು. “ಅರಿಶಿನ, ಉಪ್ಪು ಹಾಕಿ ತಿಕ್ಕಿ ಇಡ್ತಿದ್ನಲ್ಲಮ್ಮಾ. ಹಂಗೇ ಹಸೀದು ಕೊಟ್ರೆ ನಿಂಗೇನ್ ಗೊತ್ತಾಗುತ್ತೆ ಪಾಪ. ಹೊಸದಾಗಿ ತಿನ್ನೋಳು. ತೆಳ್ಳಗೆ ಬೇರೆ ಕೇಳಿದ್ದೆ, ರಾತ್ರಿಯೆಲ್ಲಾ ಅರಿಶಿನದಲ್ಲಿ ಊರ್ಲಿ, ಹೆಂಚಿನ ಮೇಲೆ ಹಾಕಿದ್ ತಕ್ಷಣ ಬೇಯುತ್ತೆ ಅಂತ...”

“ಆಂಟಿ, ನಾನು ತಿಂತಿರ್ಲಿಲ್ಲ.”

“ಲೇಸರ್ ಗೀಸರ್ ಅಂದೆ. ಅಮ್ಮಂಗೆ ಹೆದ್ರಿ ಹಂಗಂತಿದಾಳೆ ಅನ್ಕೊಂಡೆ.” ದನಿ ಸಣ್ಣದಾಯಿತು. “ನಿಜವಾಗ್ಲೂ ಒಂದ್ ತುಂಡೂ ತಿನ್ಲಿಲ್ವಾ?”

ನಾನು ಫುಟ್‌ಪಾತಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಅರಿಶಿನ. ಪ್ರತಿ ವರ್ಷ ಮೊದಲ ಸೆಮಿಸ್ಟರಿನ ಹುಡುಗಿಯರಿಗೆ ನಾನು ಫ್ಲೋರೆಸೆನ್ಸ್ ಅಂದರೇನು ಎಂದು ತೋರಿಸುವುದೇ ಅರಿಶಿನದಿಂದ. ಸ್ಪಿರಿಟ್ಟಿನಲ್ಲಿ ಒಂದು ಚಿಟಿಕೆ ಕದಡಿ ನೇರಳೆ ಟಾರ್ಚ್ ಬಿಟ್ಟರೆ ಹಸಿರಾಗಿ ಧಗಧಗ ಹೊಳೆಯುತ್ತದೆ, ಹುಡುಗಿಯರು ಹೋ ಎನ್ನುತ್ತಾರೆ. ನೀಲಿಯನ್ನು ನುಂಗಿ ಹಸಿರನ್ನು ಕೊಡುವ ವಸ್ತು ನಮ್ಮ ಅಡುಗೆಮನೆಯಲ್ಲಿ ಬೇರೆ ಇನ್ನೊಂದಿಲ್ಲ. ಒಂದೇ ಒಂದು ಮಣಿಯ ಹಸಿರನ್ನು ಕಂಪ್ಯೂಟರು ಹುಡುಕುತ್ತಿದ್ದಾಗ ಇಡೀ ತುಂಡೇ ಹಸಿರಾಗಿ ಉರಿಯುತ್ತಿತ್ತು. ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಹುಡುಕಿದಂತಾಗಿತ್ತು ಅದರ ಪಾಡು. ಕೋಳಿಯನ್ನೇ ನೋಡದ ಇಬ್ಬರು ಕಿತ್ತಳೆ ಕನ್ನಡಕ ಹಾಕಿಕೊಂಡು, ಕತ್ತಲೆಯಲ್ಲಿ, ಮಸಾಲೆ ಹಚ್ಚಿದ ಕೋಳಿಗೆ ದೊಡ್ಡ ದೊಡ್ಡ ಕಾರಣಗಳನ್ನು ಹುಡುಕಿದ್ದೆವು. ನನಗೆ ನಗು ತಡೆಯಲಾಗಲಿಲ್ಲ. ಸಾಲಿನಲ್ಲಿದ್ದವರು ಈ ಹೆಂಗಸಿಗೆ ನಿಜವಾಗಿಯೂ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಕವರು ಎದೆಗೊತ್ತಿಕೊಂಡು ಆಟೋ ಹತ್ತಿದೆ. ಆ ಭಾನುವಾರ ಪ್ರಯೋಗಾಲಯದಲ್ಲಿ ನಾನೊಬ್ಬಳೇ. ಗುಲಾಬಿ ಮಾಂಸವನ್ನು ಫ್ರೀಜರಿನಲ್ಲಿ ಗಟ್ಟಿಮಾಡಿ, ಬ್ಲೇಡಿನಲ್ಲಿ ತೆಳ್ಳಗೆ ಹೆರೆದು, ಗಾಜಿನ ನಡುವೆ ಇಟ್ಟೆ. ಅಸಹ್ಯ ಎಂಬುದು ಎಲ್ಲಿ ಹೋಯಿತೋ ಗೊತ್ತಿಲ್ಲ. ಲೇಸರ್ ಹಚ್ಚಿದೆ. ಹಸಿರು ಮಂಕಾಗಿತ್ತು. ಜೀವಮಾನದಲ್ಲಿ ಮಂಕು ಬೆಳಕನ್ನು ನೋಡಿ ಅಷ್ಟು ಸಂತೋಷಪಟ್ಟವರು ಯಾರೂ ಇರಲಿಕ್ಕಿಲ್ಲ. ಕಂಪ್ಯೂಟರು ತಡಕಾಡಲು ಶುರುಮಾಡಿತು. ಗೆರೆ ಸ್ವಲ್ಪ ಹೊತ್ತು ನಡುಗಿ, ಮೆಲ್ಲಗೆ ಮೂತಿ ಎತ್ತಿ, ಏರತೊಡಗಿತು. ಆಚೆಯ ಕ್ಯಾಮೆರಾದಲ್ಲಿ ಚೆಲ್ಲಾಡಿದ ರವೆಯ ನಡುವೆ ಒಂದು ಚುಕ್ಕಿ ಗಟ್ಟಿಯಾಯಿತು.

ಗೈಡಿಗೆ ಫೋನ್ ಮಾಡಿದೆ. ಅವರು ಊಟದ ಎಲೆಯಿಂದ ಎದ್ದು, ತ್ಯಾಗರಾಜನಗರದಿಂದ ಸ್ಕೂಟರಿನಲ್ಲಿ ಬರುವಷ್ಟರಲ್ಲಿ ಮಾಂಸ ಒಣಗತೊಡಗಿತ್ತು. ಒಣಗಿದರೆ ಒಳಗಿನ ದಾರಿಗಳೆಲ್ಲ ಬದಲಾಗುತ್ತವೆ, ಕಲಿತದ್ದೆಲ್ಲ ವ್ಯರ್ಥ. ಅವರು ಬಾಗಿಲು ತೆರೆದಾಗ ಚುಕ್ಕಿ ಅಳಿಸಿಹೋಗಿತ್ತು.

ನಾನು ಅರಿಶಿನದ ಕಥೆ ಹೇಳಿದೆ. ಗೈಡ್ ಹಣೆ ಹಿಡಿದುಕೊಂಡು ಕೂತರು. “ನಮ್ಮನೇಲಿ ಯಾರಿಗಾದ್ರೂ ಹೇಳಿದ್ರೆ ನನ್ನ ಮಾನ ಹೋಗುತ್ತೆ” ಎಂದು ನಕ್ಕರು. ಆಮೇಲೆ ಗಂಭೀರವಾಗಿ, “ಚುಕ್ಕಿ ಬಂತು ಅಂದ್ರೆ ನಾನು ನಂಬ್ತೀನಿ. ಅವ್ರು ನಂಬಲ್ಲ. ಅವ್ರ ಎದುರಿಗೆ ಬರ್ಬೇಕು, ಬಂದು ನಿಲ್ಲಬೇಕು” ಎಂದರು.

ಒಣಗದಂತೆ ಮಾಡಲು ಗಾಜಿನ ಅಂಚುಗಳನ್ನು ಮುಚ್ಚಬೇಕಿತ್ತು. ಸಂಪಿಗೆ ರಸ್ತೆಯ ಬಳೆ ಅಂಗಡಿಯಲ್ಲಿ ಉಗುರುಬಣ್ಣ ತಂದೆ. ಬಣ್ಣವಿಲ್ಲದ್ದನ್ನೇ ಕೇಳಿದೆ, ಹೊಳೆಯುವುದೇನೂ ಇಲ್ಲ ತಾನೇ ಎಂದು ಎರಡೆರಡು ಸಲ ವಿಚಾರಿಸಿದೆ, ತಂದ ಮೇಲೆ ನೀಲಿಯ ಕೆಳಗಿಟ್ಟು ಪರೀಕ್ಷಿಸಿದೆ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕಿನ ಹಾಗಾಗಿದ್ದೆ. ಅಲ್ಲಿಂದ ಮುಂದೆ ಕಾಲೇಜಿಗೆ ರಜೆ ಹಾಕಿ ಅದೇ ಕೆಲಸ ಮಾಡಿದೆ. ಕೆಲವು ಸಲ ಚುಕ್ಕಿ ಬಂತು, ಕೆಲವು ಸಲ ಬರಲಿಲ್ಲ. ಮಾಂಸ ಸ್ವಲ್ಪ ದಪ್ಪವಾದರೂ ಕಷ್ಟ, ಮಣಿ ಹೆಚ್ಚು ಹೊತ್ತು ಹೊಳೆದರೆ ದಣಿದು ಮಂಕಾಗುತ್ತದೆ. ಸಮಿತಿಯ ದಿನದ ಬೆಳಿಗ್ಗೆ, ಎಲ್ಲವೂ ಸರಿಯಾದೀತು ಎಂದು ಎದೆ ತಟ್ಟಿ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸಮಿತಿಯವರು ಬಂದರು. ಅಧ್ಯಕ್ಷರು, ಅವರ ಹಿಂದೆ ಇನ್ನಿಬ್ಬರು. ಎಲ್ಲರಿಗೂ ಕನ್ನಡಕ ಕೊಟ್ಟೆ. ಕೋಣೆ ಕತ್ತಲಾಯಿತು. ಪ್ರಯೋಗ ಶುರುಮಾಡಿದೆ. ಗೆರೆ ಅಡ್ಡಕ್ಕೆ ಮಲಗಿತ್ತು. ಹೊರಗೆ ಯಾವುದೋ ಲಾರಿ ಹೋಯಿತು. ನನಗೆ ಗೆರೆಯನ್ನು ಕೈಯಿಂದಲೇ ಎತ್ತಿಬಿಡಬೇಕು ಅನ್ನಿಸುತ್ತಿತ್ತು. ಆಮೇಲೆ ಅದು ಎದ್ದಿತು. ಏರಿತು, ಸ್ವಲ್ಪ ನಿಂತು ಮತ್ತೆ ಏರಿತು. ಪಕ್ಕದ ಕ್ಯಾಮೆರಾ ಮಾನಿಟರಿನಲ್ಲಿ ಚುಕ್ಕಿ ಮೂಡಿ, ಸುತ್ತಲಿನದೆಲ್ಲ ಮಸುಕಾಗುವಷ್ಟು ಬೆಳಗಿತು.

ಹಿಂದಿದ್ದ ಒಬ್ಬರು ‘ಬಂತಲ್ಲ’ ಎಂದರು. ಅಧ್ಯಕ್ಷರು ಮಾತ್ರ ಮಾನಿಟರಿಗೆ ಮುಖ ಹತ್ತಿರ ತಂದು ನೋಡಿ, “ಮಾಂಸ ಎಲ್ಲೋ ಹರಿದಿರ್ಬಹುದು. ಸಂದೀಲಿ ನೇರವಾಗಿ ನುಸುಳಿ ಬಂದಿದ್ರೂ ಹಿಂಗೇ ಕಾಣುತ್ತೆ” ಎಂದರು.

ನನಗೆ ಬಂದ ಕೋಪಕ್ಕೆ ಆ ದಿನ ನಾನು ಋಣಿ. ಲೇಸರಿನ ಮುಂದಿನ ಪರದೆಯ ತಿದ್ದುಪಡಿಯನ್ನು ಆರಿಸಿದೆ. ಚುಕ್ಕಿ ಕರಗಿ ರವೆಯಾಯಿತು. “ಸಂದೀಲಿ ಬಂದಿದ್ರೆ ಈಗಲೂ ಇರ್ಬೇಕಿತ್ತು ಸಾರ್” ಎಂದೆ. ಮತ್ತೆ ಹಚ್ಚಿದೆ, ಚುಕ್ಕಿ ಬಂತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು, ಯಾರಾದರೂ ಬುದ್ಧಿಯಿದ್ದವರು ನಿಲ್ಲಿಸುತ್ತಿದ್ದರು. ನಾನು ಮಾಂಸದ ಗಾಜು ಕೂತಿದ್ದ ತಿರುಪಿಗೆ ಕೈ ಹಾಕಿದೆ.

“ಬೇಡ ಮೇಡಂ,” ಎಂದು ಗೈಡ್ ಪಿಸುಗುಟ್ಟಿದರು. ಅವರ ಹೆದರಿಕೆ ನನಗೆ ಗೊತ್ತಿತ್ತು. ಮಾಂಸ ಅಲುಗಿದರೆ ಮೊದಲಿಂದ ಕಲಿಯಬೇಕು. ಅಷ್ಟರಲ್ಲಿ ಮಣಿ ದಣಿದುಹೋದರೆ ಮುಗಿಯಿತು, ಅವರು ಕೊನೆಗೆ ನೋಡಿ ಹೋಗುವುದು ಬರೀ ಕತ್ತಲೆಯನ್ನು.

ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಚುಕ್ಕಿ ಸತ್ತುಹೋಯಿತು. ತಿದ್ದುಪಡಿ ಹಚ್ಚಿಯೇ ಇತ್ತು, ಏನೂ ಪ್ರಯೋಜನವಿಲ್ಲ.

“ಈಗ ದಾರಿಗಳೆಲ್ಲ ಹೊಸವು,” ಎಂದೆ. “ನಿಮ್ಮೆದುರಿಗೇ ಮತ್ತೆ ಕಟ್ತೀನಿ. ನೋಡ್ತಿರಿ.”

ಗೆರೆ ಮಲಗಿತು. ಮಲಗಿಯೇ ಇತ್ತು. ಮಣಿಯ ಹಸಿರು ಮೊದಲಿಗಿಂತ ಮಂಕಾಗಿರುವುದು ನನಗೆ ಕಾಣುತ್ತಿತ್ತು. ಎಂಥ ಅಹಂಕಾರದ ಹೆಂಗಸು ನಾನು, ಗೆದ್ದದ್ದನ್ನು ಕೈಯಾರೆ ಕಳೆದುಕೊಂಡೆ ಅನ್ನಿಸಿತು. ಗೈಡ್ ಕಣ್ಣು ಮುಚ್ಚಿಕೊಂಡಿದ್ದರು, ದೇವರ ನಾಮವೋ ಏನೋ ತುಟಿ ಆಡುತ್ತಿತ್ತು.

ಆಗ ಗೆರೆ ತಲೆ ಎತ್ತಿತು. ಮೊದಲು ಅನುಮಾನಿಸುತ್ತ, ಆಮೇಲೆ ಧೈರ್ಯವಾಗಿ, ಆಮೇಲೆ ಯಾರಿಗೂ ಹೆದರದೆ. ಚುಕ್ಕಿ ಇನ್ನೊಂದು ಸಲ ಹುಟ್ಟಿತು, ಅದೇ ಮಣಿಯ ಮೇಲೆ, ಮಾಂಸದ ಬೇರೆ ದಾರಿಗಳಿಂದ. ನಾನು ಗೆದ್ದಿದ್ದೆ. ಕತ್ತಲೆಯಿದ್ದದ್ದು ಒಳ್ಳೆಯದಾಯಿತು, ಕಣ್ಣೀರು ಕನ್ನಡಕದೊಳಗೇ ಇಳಿಯುತ್ತಿತ್ತು.

ಅಧ್ಯಕ್ಷರು ಬಹಳ ಹೊತ್ತು ಚುಕ್ಕಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ, “ರಿಜಿಸ್ಟ್ರೇಷನ್ ವಿಷಯ ಇನ್ನು ಯಾರೂ ಎತ್ತಲ್ಲ ಮೇಡಂ. ಕೂತು ಥೀಸಿಸ್ ಬರೆದು ಮುಗಿಸಿ” ಎಂದರು. ಕನ್ನಡಕ ತೆಗೆದು ನನ್ನ ಕೈಗೆ ಕೊಡುವಾಗ, “ನೀವು ಅಲುಗಿಸಿ ಎರಡನೇ ಸಲ ಕಟ್ಟದೇ ಇದ್ದಿದ್ರೆ ನನಗೆ ಅನುಮಾನ ಉಳೀತಿತ್ತು” ಎಂದು ಸೇರಿಸಿದರು. ನಾನು ಥ್ಯಾಂಕ್ಸ್ ಎಂದೆ. ಹೇಳಬೇಕೆಂದು ತಿಂಗಳುಗಟ್ಟಲೆ ಸಿದ್ಧಮಾಡಿಟ್ಟುಕೊಂಡಿದ್ದ ಖಾರದ ಮಾತುಗಳು ಒಂದೂ ಬೇಕಾಗಲಿಲ್ಲ.

ಅವರು ಹೋದ ಮೇಲೆ ಗೈಡ್ ದೀಪ ಹಾಕಲು ಸ್ವಿಚ್ಚಿನ ಕಡೆಗೆ ಹೋದರು.

“ಸಾರ್, ಬೇಡ,” ಎಂದೆ. “ಇನ್ನೊಂದ್ಸಲ ಕೆಡಿಸಿ ಕಟ್ಲಾ?”

“ಯಾಕೆ? ನೋಡ್ಕೊಂಡು ಹೋದ್ರಲ್ಲ.”

“ಅವ್ರಿಗಲ್ಲ. ಸುಮ್ನೆ. ನನಗೆ.”

ಗೈಡ್ ಸ್ವಿಚ್ಚಿನಿಂದ ಕೈ ತೆಗೆದರು. ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತು, “ಕಟ್ಟಿ” ಎಂದರು. ನಾನು ತಿರುಪು ತಿರುಗಿಸಿದೆ.